ಧೂಮರಾಯರ ಪರೀಕ್ಷೆ, ಅತ್ತೆಯ ಕಪಾಟು

"ಸರಿಯಾಗಿ ಕೇಳಿಸ್ಕೊಳ್ಳಿ. ಮೂಗು ಅನ್ನೋದು ನೆಗಡಿ ಬರೋದಕ್ಕೆ ಇರೋದು, ಅನಿಲ ಅಳೆಯೋದಕ್ಕಲ್ಲ. 'ವಾಸನೆ ಏನೂ ಬರ್ತಿಲ್ಲಪ್ಪಾ, ಬಾಗಿಲು ತೆಗಿ' ಅಂದೋರೆಲ್ಲ ಈಗ ಗೋಡೆ ಮೇಲೆ ಫೋಟೋ ಆಗಿದ್ದಾರೆ. ಅಳೆಯೋ ಯಂತ್ರ ಹೇಳ್ಬೇಕು, ನಾವು ಕೇಳ್ಬೇಕು. ಮಾತ್ರೆ ಇಡೋದಕ್ಕೆ ಮುಂಚೆ ಒಳಗಿರೋ ಜನರನ್ನೆಲ್ಲ ಹೊರಗೆ ಕಳಿಸ್ಬೇಕು. 'ಒಳಗೆ ಇನ್ನೂ ಯಾರಾದ್ರೂ ಇದ್ದೀರಾ?' ಅಂತ ಮೂರು ಸಲ ಕೂಗ್ಬೇಕು. ಉತ್ತರ ಬರಲ್ಲ ಅಂತ ಗೊತ್ತಿದ್ರೂ ಕೂಗ್ಬೇಕು. ತಾಮ್ರ, ಹಿತ್ತಾಳೆ, ಬೆಳ್ಳಿ, ಬಂಗಾರ, ಎಲ್ಲಾ ಹೊರಗೆ. ಈ ಅನಿಲ ತಾಕಿದ್ರೆ ಮಸಿ ಬಳಿದ ಹಾಗೆ ಕಪ್ಪಾಗುತ್ತೆ. ಒಬ್ಬನೇ ಎಂದೂ ಒಳಗೆ ಹೋಗ್ಬಾರ್ದು, ಜೊತೆಗೊಬ್ಬ ಇರಲೇಬೇಕು. ಮುಖವಾಡ ಮುಖಕ್ಕೆ ಮುದ್ದೆ ಅಂಟಿದ ಹಾಗೆ ಅಂಟ್ಕೊಂಡಿರ್ಬೇಕು. ಮಧ್ಯೆ ಗಡ್ಡ ನುಸುಳ್ಬಾರ್ದು, ಕನ್ನಡಕದ ಕಡ್ಡಿ ನುಸುಳ್ಬಾರ್ದು. ಒಂದ್ಸಲ ಮುಚ್ಚಿದ ಮೇಲೆ ಮುಗೀತು. ಒಳಗೆ ಮಹಾರಾಜನ ಕಿರೀಟವೇ ಉಳಿದಿರ್ಲಿ, ಮಹಾರಾಜನೇ ಬಂದು ಕೈ ಮುಗೀಲಿ, ಹೊತ್ತಿಗೆ ಮುಂಚೆ ತೆಗೆಯೋ ಹಾಗಿಲ್ಲ. ಡಬ್ಬದ ಮೇಲೆ ಏನು ಅಚ್ಚು ಹಾಕಿದ್ದಾರೋ ಅದು ಬರೀ ಬುದ್ಧಿಮಾತಲ್ಲ, ಕಾನೂನು. ತಿಳೀತಾ?"

ಈ ಉಪನ್ಯಾಸ ನಡೆದದ್ದು ಯಾವ ಸಭಾಂಗಣದಲ್ಲೂ ಅಲ್ಲ. ಅಡುಗೆಮನೆಯಲ್ಲಿ, ತಟ್ಟೆಯ ಮುಂದೆ. ಕೇಳುಗರು ಇಬ್ಬರೇ. ಒಬ್ಬರು ಹೆಂಡತಿ, ಇನ್ನೊಬ್ಬರು ಹೆಂಡತಿಯ ತಾಯಿ. ಹೆಂಡತಿ ಕೇಳಿದ್ದ ಪ್ರಶ್ನೆಯೋ ತೀರಾ ಪುಟ್ಟದು: "ರೀ, ಅಕ್ಕಿ ಡಬ್ಬದ ತುಂಬ ನುಸಿ. ನಿಮ್ಮ ಮಾತ್ರೆ ಒಂದು ತಂದು ಹಾಕ್ಬಾರ್ದಾ?"

ಉಪನ್ಯಾಸಕಾರರೇ ನಮ್ಮ ಧೂಮರಾಯರು. ಉಗ್ರಾಣಗಳಲ್ಲಿ, ಗೋದಾಮುಗಳಲ್ಲಿ ಮಾತ್ರೆ ಇಟ್ಟು, ಅದರಿಂದ ಏಳುವ ವಿಷದ ಅನಿಲದಲ್ಲಿ ಹುಳು ಕೊಲ್ಲುವುದು ಅವರ ಕಸುಬು. ಆ ಹೆಸರು ಬೀದಿಯವರು ಇಟ್ಟದ್ದು. ಅವರಿಗೆ ಅದು ಕೇಳಿದರೇ ಆಗದು. "ಧೂಮ ಎಲ್ಲಿಂದ ಬಂತು? ಅದು ಹೊಗೆ ಅಲ್ಲ ಸ್ವಾಮಿ, ಅನಿಲ! ಕಣ್ಣಿಗೆ ಕಾಣಲ್ಲ!" ಎಂದು ಎದುರಿಗೆ ಸಿಕ್ಕವರ ಅಂಗಿ ಗುಂಡಿ ಹಿಡಿದು ತಿದ್ದುತ್ತಿದ್ದರು. ತಿದ್ದಿದಷ್ಟೂ ಹೆಸರು ಗಟ್ಟಿಯಾಯಿತು.

"ಅಂದ್ರೆ ತರಲ್ಲ ಅಂತಾಯ್ತು," ಎಂದಳು ಹೆಂಡತಿ.

"ತರೋದಾ? ಜನ ವಾಸ ಮಾಡೋ ಮನೆಗೆ? ಆ ಮಾತ್ರೆ ಅಕ್ಕಿ ಡಬ್ಬಕ್ಕೆ ಬಿದ್ರೆ ಮೊದಲು ನುಸಿ ಹೋಗಲ್ಲ ಕಣೇ, ನಾವು ಹೋಗ್ತೀವಿ. ನುಸಿಗಳು ಬಂದು ನಮ್ಮನ್ನ ನೋಡ್ಕೊಂಡು ಹೋಗ್ಬೇಕು."

"ಊರ ಹುಳಕ್ಕೆಲ್ಲ ಯಮನ ಹಾಗೆ ಓಡಾಡ್ತೀರಿ. ನಮ್ಮನೆ ಹುಳ ಮಾತ್ರ ಮಕ್ಕಳು ಮರಿ ಕಟ್ಕೊಂಡು ಸುಖವಾಗಿ ಸಂಸಾರ ಮಾಡ್ತಿವೆ."

ಅತ್ತೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಮೊರದ ಅಕ್ಕಿಯಲ್ಲಿ ನುಸಿ ಆರಿಸುತ್ತಿದ್ದರು. ಆ ಕನ್ನಡಕದ ಒಂದು ಕಡ್ಡಿ ಎಂದೋ ಮುರಿದು, ಆ ಕಡೆ ಕೆಂಪು ನೂಲು ಸುತ್ತಿ ಕಿವಿಗೆ ಕುಣಿಕೆ ಹಾಕಿತ್ತು. ಗಾಜು ಶೀಸೆಯ ತಳದಷ್ಟು ದಪ್ಪ. ಅಳಿಯಂದಿರಿಗೆ ಆ ಕನ್ನಡಕ ಕಂಡರೆ ನಗು. "ಅತ್ತೇ, ಇದನ್ನ ಹಾಕ್ಕೊಂಡ್ರೆ ನುಸಿ ಕಾಣುತ್ತೋ, ಎಮ್ಮೆ ಕಾಣುತ್ತೋ?" ಎಂದು ವಾರಕ್ಕೊಮ್ಮೆಯಾದರೂ ಕೇಳುವರು. ಅತ್ತೆಯೂ ವಾರಕ್ಕೊಮ್ಮೆ, "ಕಾಣ್ಬೇಕಾದ್ದು ಕಾಣುತ್ತಪ್ಪಾ," ಎನ್ನುವರು.

ಆ ವಾರ ರಾಯರ ಉಪನ್ಯಾಸ ಜೋರಾಗಿರುವುದಕ್ಕೆ ಕಾರಣವಿತ್ತು. ಸೋಮವಾರ ಬೆಳಿಗ್ಗೆ ಪರೀಕ್ಷೆ. ಈ ಕಸುಬಿನವರು ಪರವಾನಗಿಯ ಅವಧಿ ಮುಗಿಯುವಾಗ ಮತ್ತೆ ಕೂತು ಬರೆಯಬೇಕು. ಪಾಸಾದರೆ ಪರವಾನಗಿ, ಇಲ್ಲವಾದರೆ ಮಾತ್ರೆಯ ಡಬ್ಬದ ಮುಚ್ಚಳ ಮುಟ್ಟುವ ಹಾಗೂ ಇಲ್ಲ. ಇಷ್ಟು ವರ್ಷ ಯಜಮಾನ ಅನ್ನಿಸಿಕೊಂಡವರು ಇನ್ನೊಬ್ಬರ ಕೈಕೆಳಗೆ ಟಾರ್ಪಾಲು ಮಡಚುತ್ತಾ ಕೂರಬೇಕು. ಹಾಗಾಗಿ ರಾಯರು ಉಣ್ಣುವಾಗ, ಮೀಯುವಾಗ, ನಿದ್ದೆಯಲ್ಲೂ ಪಾಠ ಒಪ್ಪಿಸುತ್ತಿದ್ದರು. ಕೇಳಿ ಕೇಳಿ ಮನೆಯ ಹೆಂಗಸರಿಬ್ಬರಿಗೂ ಬಾಯಿಪಾಠವಾಗಿಬಿಟ್ಟಿತ್ತು. ಜಗಳವಾದ ದಿನ ಹೆಂಡತಿ ಅವರದೇ ತಲೆಬುರುಡೆಯ ಬೋರ್ಡನ್ನು ಅಡುಗೆಮನೆ ಬಾಗಿಲಿಗೆ ನೇತುಹಾಕುತ್ತಿದ್ದಳು: 'ಅಪಾಯ. ಒಳಗೆ ಪ್ರವೇಶವಿಲ್ಲ.' (ಅದು ಇರುವಷ್ಟು ಹೊತ್ತು ರಾಯರಿಗೆ ಕಾಫಿಯೂ ಇಲ್ಲ. ಬೋರ್ಡು ಯಾರೇ ಹಾಕಿರಲಿ, ಅದನ್ನು ದಾಟಿ ಹೋಗುವ ಪೈಕಿ ಅಲ್ಲ ಅವರು.)

ಪರೀಕ್ಷೆಯ ಗೌರವಕ್ಕೆಂದು ಹೆಂಡತಿ ಅವರಿಗೊಂದು ಹೊಸ ಕನ್ನಡಕ ಮಾಡಿಸಿಕೊಟ್ಟಿದ್ದಳು. ತೆಳ್ಳನೆಯ ತಂತಿಯ ಕಟ್ಟು, ಒಳಗೆ ತಾಮ್ರ, ಮೇಲೆ ಬಂಗಾರದ ನೀರು. ಹಳೆಯದರ ಮೇಲೆ ರಾಯರು ತಾವೇ ಕೂತು ಅದನ್ನು ಪರಲೋಕಕ್ಕೆ ಕಳಿಸಿದ್ದರು. ಹೊಸದು ಹಾಕಿಕೊಂಡು ಕನ್ನಡಿಯ ಮುಂದೆ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗಿ, "ಪರೀಕ್ಷೆ ಬರೆಯೋನಲ್ಲ, ಪರೀಕ್ಷೆ ತಗೊಳ್ಳೋನ ಹಾಗೆ ಕಾಣ್ತೀನಿ, ಅಲ್ವಾ?" ಎಂದಿದ್ದರು.

ಇನ್ನು ಅತ್ತೆಯ ಕಪಾಟಿನ ಸಂಗತಿ. ಅತ್ತೆ ಮಗಳ ಮನೆಗೆ ಬರುವಾಗ ತಂದದ್ದು ಎರಡೇ, ಆ ಕನ್ನಡಕ ಮತ್ತು ಒಂದು ಮರದ ಕಪಾಟು. ಕಪಾಟಿಗೆ ಕುಟ್ಟೆ ಹುಳ ಹಿಡಿದು ದಿನಾ ಬೆಳಿಗ್ಗೆ ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿತ್ತು. ಕಿವಿಯಿಟ್ಟರೆ ಕರಕರ ಸದ್ದು. ಹೆಂಡತಿ ಅಕ್ಕಿಯ ವಿಷಯ ಬಿಟ್ಟು ಕಪಾಟು ಹಿಡಿದಳು.

"ಮನೆಗೆ ಮಾತ್ರೆ ಬರೋ ಹಾಗಿಲ್ಲ, ಒಪ್ಪಿದೆ. ಕಪಾಟೇ ಮಾತ್ರೆ ಹತ್ರ ಹೋಗ್ಬಹುದಲ್ವಾ?"

ರಾಯರಿಗೆ ಇದರಲ್ಲಿ ತಪ್ಪು ಸಿಗಲಿಲ್ಲ. (ಹುಡುಕಲಿಲ್ಲ ಎಂದಲ್ಲ.) ಶನಿವಾರ ಒಬ್ಬ ಮರದ ಸಾಮಾನಿನ ವ್ಯಾಪಾರಿಯ ಗೋದಾಮಿನಲ್ಲಿ ಅವರಿಗೆ ಕೆಲಸವಿತ್ತು. ವ್ಯಾಪಾರಿಯನ್ನು ಕೇಳಿ, ಅವನ ಕುರ್ಚಿ ಮೇಜುಗಳ ಜೊತೆ ಅತ್ತೆಯ ಕಪಾಟನ್ನೂ ಇಡಿಸಿದರು. ಮನೆಯಿಂದ ಸಾಗಿಸುವ ಮೊದಲು ಕಪಾಟಿನ ಹಿತ್ತಾಳೆ ಹಿಡಿಗಳನ್ನು ಹೆಂಡತಿಯ ಕೈಯಲ್ಲಿ ಬಿಚ್ಚಿಸಿದರು, ಹಿತ್ತಾಳೆ ಬೀಗ ಕಳಚಿಸಿದರು. ಒಂದು ಪುಟ್ಟ ತಾಮ್ರದ ಮೊಳೆ ಉಳಿದಿತ್ತೆಂದು ಅವಳನ್ನು ಕರೆದು ಕಾಲು ಗಂಟೆ ಬೈದರು. "ಇಷ್ಟು ದಿನ ಬಡ್ಕೊಂಡ್ನಲ್ಲೇ! ಒಂದು ಗುಂಡುಸೂಜಿಯಷ್ಟು ಉಳಿದ್ರೂ ಅದು ಅಜಾಗರೂಕತೆ! ನಮ್ಮ ಕಸುಬಲ್ಲಿ ಅಜಾಗರೂಕತೆ ಅಂದ್ರೆ ಏನು ಗೊತ್ತಾ?"

"ಗೋಡೆ ಮೇಲೆ ಫೋಟೋ," ಎಂದರು ಅತ್ತೆ, ಮೊರದಿಂದ ತಲೆ ಎತ್ತದೆ.

ಶನಿವಾರದ ಕೆಲಸ ಸಾಂಗವಾಗಿ ನಡೆಯಿತು. ರಾಯರ ಜೊತೆಗಾರ ಗಡ್ಡಣ್ಣ. (ಅವನ ಗಡ್ಡ ಮುಖವಾಡಕ್ಕೆ ಬಲಿಯಾಗಿ ಎಷ್ಟೋ ಕಾಲವಾಯಿತು. ಹೆಸರು ಮಾತ್ರ ಗಲ್ಲ ಬಿಟ್ಟು ಹೋಗಿಲ್ಲ.) ಸಾಮಾನಿನ ರಾಶಿಗೆ ಟಾರ್ಪಾಲು ಹೊದಿಸಿ, ಅಂಚಿಗೆ ಮರಳು ತುಂಬಿದ ಉದ್ದನೆಯ ಚೀಲಗಳನ್ನು ಒತ್ತಿದರು. ರಾಯರು ಮೂರು ಸಲ ಕೂಗಿದರು. ಯಾರೂ ಓಗೊಡಲಿಲ್ಲ. ಇಬ್ಬರೂ ಮುಖವಾಡ ಏರಿಸಿ, ಮಾತ್ರೆ ಇಟ್ಟು, ಕೊನೆಯ ಅಂಚು ಮುಚ್ಚಿ, ಹೊರಗೆ ಬಂದು ಬೀಗ ಹಾಕಿ, ತಲೆಬುರುಡೆ ಬೋರ್ಡು ನೇತುಹಾಕಿದರು. ಗಡ್ಡಣ್ಣ ಬಾಗಿಲಿನಿಂದ ದೂರದಲ್ಲಿ ಕುರ್ಚಿ ಹಾಕಿಕೊಂಡು ಕಾವಲಿಗೆ ಕೂತ. ಬುಧವಾರದ ತನಕ ಆ ಬಾಗಿಲು ತೆಗೆಯುವ ಹಾಗಿಲ್ಲ.

ರಾಯರು ಮನೆಗೆ ಬಂದು ಸ್ನಾನ ಮಾಡಿ, ಪಾಠದ ಪುಸ್ತಕ ತೆರೆದರು. ಅಕ್ಷರಗಳೆಲ್ಲ ಸೇರಿ ಬೂದಿ ಬಣ್ಣದ ಕಂಬಳಿ ಹೊದ್ದು ಮಲಗಿದ್ದವು.

"ನನ್ನ ಕನ್ನಡಕ ಯಾರು ತೆಗೆದ್ರೀ?"

ಅಲ್ಲಿಂದ ಶುರುವಾಯಿತು ದಿಗ್ವಿಜಯ. ಹಾಸಿಗೆ ಕೊಡವಿದರು. ದಿಂಬಿನ ಕವಚ ತಿರುವಿದರು. ಸಕ್ಕರೆ ಡಬ್ಬದಲ್ಲಿ ಕೈಯಾಡಿಸಿದರು. "ಈ ಮನೇಲಿ ಒಂದು ವಸ್ತು ಇಟ್ಟ ಜಾಗದಲ್ಲಿ ಇರಲ್ಲ! ಶಿಸ್ತಿಲ್ಲ, ಎಚ್ಚರ ಇಲ್ಲ!" ಎಂದು ಗುಡುಗಿದರು.

"ನಾನ್ಯಾಕ್ರೀ ಮುಟ್ಲಿ? ಮಾಡಿಸಿಕೊಟ್ಟೋಳೇ ನಾನು!"

"ಮತ್ತೆ ಕಾಲು ಬಂದು ನಡ್ಕೊಂಡು ಹೋಯ್ತಾ?"

ಅತ್ತೆ ಮೊರ ಪಕ್ಕಕ್ಕಿಟ್ಟರು. "ಅಳಿಯಂದಿರೇ, ಒಂದು ಮಾತು ಕೇಳ್ಲಾ? ಮುಖವಾಡದ ಒಳಗೆ ಕನ್ನಡಕದ ಕಡ್ಡಿ ಬರ್ಬಾರ್ದು ಅಂತೀರಲ್ಲ. ಮತ್ತೆ ಅದನ್ನ ಹಾಕ್ಕೊಳ್ಳೋವಾಗ ಕನ್ನಡಕ ಎಲ್ಲಿ ಇಟ್ರಿ?"

ರಾಯರು ನೆನಪು ಕೆದಕಿದರು. ಎಲ್ಲಿ ಇಟ್ಟರು? ಕೈಗೆ ಎಟುಕುವಷ್ಟು ಎತ್ತರದಲ್ಲಿ, ನುಣ್ಣಗೆ, ತಮ್ಮ ಮನೆಯದೇ ಅನ್ನಿಸುವಂಥ ಒಂದು ಜಾಗ ಸಿಕ್ಕಿತ್ತು. ಅತ್ತೆಯ ಕಪಾಟಿನ ನೆತ್ತಿ! ಅದರ ಮೇಲೆ ಟಾರ್ಪಾಲಿನ ಕೊನೆಯ ಅಂಚನ್ನು ಎಳೆದದ್ದೂ ಅವರದೇ ಕೈ.

ರಾಯರು ಚಪ್ಪಲಿ ಮೆಟ್ಟಿ ಹೊರಟರು. ಎಡಗಾಲಿಗೆ ಹೆಂಡತಿಯ ಚಪ್ಪಲಿ. ಅವಳು ಇನ್ನೊಂದು ಜೊತೆ ಮೆಟ್ಟಿಕೊಂಡು ಹಿಂದೆಯೇ ಓಡಿದಳು.

ಗೋದಾಮಿನ ಹತ್ತಿರ ಗಡ್ಡಣ್ಣ ಎದ್ದು ನಿಂತ. "ಏನ್ ಯಜಮಾನ್ರೇ, ಈ ಹೊತ್ತಲ್ಲಿ?"

"ಏನಿಲ್ಲ ಗಡ್ಡಣ್ಣ. ಒಂದೇ ಒಂದು ನಿಮಿಷ. ಬೀಗ ತೆಗೆದು, ಉಸಿರು ಬಿಗಿ ಹಿಡಿದು, ಟಾರ್ಪಾಲಿನ ಒಂದು ಮೂಲೆ ಎತ್ತಿ, ಕೈ ಹಾಕಿ…"

"ಯಜಮಾನ್ರೇ, ಯಾರಿಗೆ ಹೇಳ್ತಿದ್ದೀರಿ?" ಗಡ್ಡಣ್ಣ ಬೋಳು ಗಲ್ಲ ಸವರಿಕೊಂಡ. "ಇದೇ ಮಾತು ನಾನು ಹೇಳಿದ್ರೆ ನನ್ನ ಕಿವಿ ಇಷ್ಟೊತ್ತಿಗೆ ನಿಮ್ಮ ಕೈಯಲ್ಲಿರ್ತಿತ್ತು."

"ಮುಖವಾಡ ಹಾಕ್ಕೊಂಡೇ ಹೋಗ್ತೀನಿ ಮಾರಾಯ."

"ಹಾಕ್ಕೊಂಡು? ಕನ್ನಡಕ ಇಲ್ದೆ ಯಂತ್ರದ ಅಂಕಿ ಹೇಗೆ ಓದ್ತೀರಿ? ಮೂಲೆ ಎತ್ತಿದ್ರೆ ಅನಿಲ ಹೊರಗೆ ಬರುತ್ತೆ, ಹುಳ ಒಳಗೆ ಉಳಿಯುತ್ತೆ. ವ್ಯಾಪಾರಿಗೆ ಏನ್ ಹೇಳೋಣ?"

"ಸೋಮವಾರ ಪರೀಕ್ಷೆ ಕಣೋ! ಪ್ರಶ್ನೆಪತ್ರಿಕೆ ಕಾಣ್ಬೇಡ್ವಾ? ಕನ್ನಡಕದ ಅಂಗಡಿಯವನು ಯಾವಾಗ್ಲೂ ಹೊಸ ಗಾಜು ವಾರದೊಳಗೆ ಆಗಲ್ಲ ಅಂತಾನೆ. ಪರವಾನಗಿ ಹೋದ್ರೆ ನಾನೇನು…" ರಾಯರು ಜೇಬಿನಿಂದ ಬೀಗದ ಕೈ ತೆಗೆದರು. ಅವರು ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರು.

ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೋರ್ಡಿನ ಮುಂದೆ ಬಂದು ನಿಂತಳು. "ಒಂದ್ಸಲ ಮುಚ್ಚಿದ ಮೇಲೆ ಮುಗೀತು," ಎಂದಳು. "ಒಳಗೆ ಮಹಾರಾಜನ ಕಿರೀಟವೇ ಉಳಿದಿರ್ಲಿ, ಮಹಾರಾಜನೇ ಬಂದು ಕೈ ಮುಗೀಲಿ…"

"ನನ್ನ ಪಾಠ ನನಗೇ ಒಪ್ಪಿಸ್ಬೇಡ್ವೇ!"

"ಇನ್ಯಾರಿಗೆ ಒಪ್ಪಿಸ್ಲಿ? ಊಟಕ್ಕೆ ಕೂತಾಗೆಲ್ಲ ಉಪ್ಪಿನ ಬದಲು ಅದನ್ನೇ ಬಡಿಸಿದ್ದೀರಿ." ಆಮೇಲೆ ಅವಳ ದನಿ ಇಳಿಯಿತು. "ರೀ, ಪರೀಕ್ಷೆ ಹೋದ್ರೆ ಇನ್ನೊಂದ್ಸಲ ಬರುತ್ತೆ. ಪರವಾನಗಿ ಹೋದ್ರೆ ಟಾರ್ಪಾಲು ಮಡಚಿ. ನಾನೂ ಒಂದು ತುದಿ ಹಿಡೀತೀನಿ. ಆದ್ರೆ ನಿಮ್ಮನ್ನ ಮೊಳೆ ಹೊಡೆದು ಗೋಡೆಗೆ ನೇತುಹಾಕೋದಕ್ಕೆ ನನ್ನ ಕೈಲಿ ಆಗಲ್ಲ. ಬೀಗದ ಕೈ ಕೊಡಿ."

ರಾಯರು ಬೋರ್ಡು ನೋಡಿದರು. ಅಕ್ಷರ ಕಾಣಲಿಲ್ಲ, ತಲೆಬುರುಡೆ ಮಾತ್ರ ಮಸುಕಾಗಿ ಹಲ್ಲು ಕಿರಿಯುತ್ತಿತ್ತು. ಬೀಗದ ಕೈ ಹೆಂಡತಿಯ ಅಂಗೈಗೆ ಬಿತ್ತು. ಗಡ್ಡಣ್ಣ ಆ ಕಡೆ ತಿರುಗಿಕೊಂಡು ಸುಮ್ಮನೆ ಕೆಮ್ಮಿದ.

ಮನೆಗೆ ಬಂದಾಗ ಅತ್ತೆ ಕಾದಿದ್ದರು. ಕಿವಿಯಿಂದ ಕೆಂಪು ನೂಲಿನ ಕುಣಿಕೆ ಬಿಡಿಸಿ, ಸೆರಗಿನಲ್ಲಿ ಗಾಜು ಒರೆಸಿ, ಅಳಿಯನ ಮುಂದೆ ಹಿಡಿದರು.

"ಹಾಕಿ ನೋಡಿ."

"ಬೇಡಿ ಅತ್ತೆ…"

"ಹಾಕಿ ನೋಡಿ ಅಂದೆ."

ರಾಯರು ಹಾಕಿಕೊಂಡು ಪುಸ್ತಕದ ಕಡೆ ಬಗ್ಗಿದರು. ಅಕ್ಷರಗಳು ಒಂದೊಂದೂ ತಿಂದುಂಡು ಬೆಳೆದ ನುಸಿಯ ಹಾಗೆ ದುಂಡಗೆ, ಕಪ್ಪಗೆ, ನಿಚ್ಚಳವಾಗಿ ಸಾಲು ಹಿಡಿದಿದ್ದವು!

"ಏನ್ ಕಾಣುತ್ತೆ? ನುಸಿಯಾ, ಎಮ್ಮೆಯಾ?" ಎಂದರು ಅತ್ತೆ.

"ಕಾಣ್ಬೇಕಾದ್ದು ಕಾಣುತ್ತೆ ಅತ್ತೆ," ಎಂದರು ರಾಯರು, ಅವರ ಕಾಲಿಗೆ ಬೀಳುವುದೊಂದು ಬಾಕಿ.

"ಸಂತೋಷ. ಆದ್ರೆ ಒಂದು ಮಾತು. ಅದು ಸುಮ್ನೆ ಕೂರೋ ಕನ್ನಡಕ ಅಲ್ಲ, ಕೆಲಸದ್ದು. ಅದು ಯಾರ ಮೂಗಿನ ಮೇಲಿರುತ್ತೋ ಮೊರವೂ ಅವರದ್ದೇ. ಒಪ್ಪಿಗೇನಾ?"

ಮುಳುಗುತ್ತಿರುವವರು ಹಗ್ಗದ ಬಣ್ಣ ಕೇಳುತ್ತಾರೆಯೇ? ಒಪ್ಪಿದರು.

ಸೋಮವಾರ ಪರೀಕ್ಷೆಯ ಕೋಣೆಯಲ್ಲಿ ಊರಿನ ಹುಳುವೈರಿಗಳೆಲ್ಲ ಸೇರಿದ್ದರು. ಕಿವಿಗೆ ಕೆಂಪು ನೂಲು ಸುತ್ತಿಕೊಂಡು ಬಂದ ಧೂಮರಾಯರನ್ನು ಕಂಡು ಒಬ್ಬರ ಪಕ್ಕೆ ಒಬ್ಬರು ತಿವಿದರು. ರಾಯರು ತಲೆ ತಗ್ಗಿಸಿ ಬರೆದರು. ಎಲ್ಲ ಬಂತು. ನಡುವೆ ಒಂದು ಪ್ರಶ್ನೆ ಮಾತ್ರ ಅವರನ್ನು ಬಹಳ ಹೊತ್ತು ತಡೆಯಿತು: 'ಅನಿಲ ಬಿಡುವ ಮುನ್ನ ಹೊರಗೆ ತೆಗೆಯಬೇಕಾದ ವಸ್ತುಗಳಾವುವು?' ತಾಮ್ರ ಎಂದು ಬರೆದರು, ಹಿತ್ತಾಳೆ ಎಂದು ಬರೆದರು. ಆಮೇಲೆ ಎಡಬಲ ನೋಡಿ, ಕೈ ಮರೆಮಾಡಿ, ಪುಟ್ಟ ಅಕ್ಷರದಲ್ಲಿ 'ಮತ್ತು ಅನಿಲ ಬಿಡುವವನ ಸ್ವಂತ ಕನ್ನಡಕ' ಎಂದು ಸೇರಿಸಿದರು. ಉತ್ತರಪತ್ರಿಕೆ ತೆಗೆದುಕೊಂಡ ಅಧಿಕಾರಿ ಅದನ್ನು ಓದಿ, ಕೆಂಪು ನೂಲು ನೋಡಿ, ಮತ್ತೊಮ್ಮೆ ಓದಿ, ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ರಾಯರು ಪಾಸಾದರು. ಮುಂದಿನ ತರಗತಿಗಳಲ್ಲಿ ಆ ಸಾಲನ್ನೂ ಪಾಠಕ್ಕೆ ಸೇರಿಸುತ್ತಾರಂತೆ.

ಬುಧವಾರ ಕ್ರಮವಾಗಿ ಗಾಳಿಯಾಡಿಸಿದರು. ಯಂತ್ರ ಇಟ್ಟು ನೋಡಿದ ಗಡ್ಡಣ್ಣ ಒಳಗೇನೂ ಉಳಿದಿಲ್ಲವೆಂದ ಮೇಲೆ ಕಪಾಟು ಮನೆಗೆ ಬಂತು. ಕಿವಿಯಿಟ್ಟರೆ ಕರಕರ ಇಲ್ಲ. ಕಪಾಟಿನ ಜೊತೆ ಬಂಗಾರದ ಕನ್ನಡಕವೂ ಬಂತು, ಆದರೆ ಅದರಲ್ಲಿ ಬಂಗಾರ ಇರಲಿಲ್ಲ. ತಂತಿಯೆಲ್ಲ ಕಾವಲಿಯ ತಳದಂತೆ ಕರ್ರಗಾಗಿ, ಮಡಚಲು ಹೋದರೆ ಕಡ್ಡಿ ಕೈಗೇ ಬಂತು.

ಹೆಂಡತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು. "ಒಂದು ಗುಂಡುಸೂಜಿಯಷ್ಟು ಉಳಿದ್ರೂ ಅದೇನೋ ಅಂತಿದ್ರಲ್ಲ. ಏನ್ರೀ ಅದು?"

"ಅಜಾಗರೂಕತೆ," ಎಂದರು ರಾಯರು ಮೆಲ್ಲಗೆ.

"ಜೋರಾಗಿ. ಅಮ್ಮನಿಗೆ ಕೇಳಿಸ್ಲಿಲ್ಲ."

ಅತ್ತೆಗೆ ಕೇಳಿಸಿತ್ತು. ಅವರು ಎದ್ದು ಹೋಗಿ ಅಕ್ಕಿ ಅಳೆದು ಮೊರಕ್ಕೆ ಸುರಿದು ತಂದು ಅಳಿಯನ ಮುಂದಿಟ್ಟರು, ತಾವು ಗೋಡೆಗೆ ಒರಗಿ ಕಾಲು ಚಾಚಿದರು.

ಧೂಮರಾಯರು ಕೆಂಪು ನೂಲನ್ನು ಕಿವಿಗೆ ಬಿಗಿದು, ಚಕ್ಕಳಮಕ್ಕಳ ಹಾಕಿ ಕೂತರು. ಮೊರ ತಟ್ಟಿದರು. ಒಂದು ನುಸಿ, ಇನ್ನೊಂದು ನುಸಿ. ಒಂದೊಂದನ್ನೇ ಹಿಡಿದು ಬಟ್ಟಲ ನೀರಿಗೆ ಹಾಕಿದರು. ಒಲೆಯ ಮೇಲೆ ಎಸರು ಕುದಿಯತೊಡಗಿತು. "ಆಯ್ತೇನ್ರೀ?" ಎಂದಳು ಹೆಂಡತಿ ಒಳಗಿನಿಂದ.

"ತಡೀಯೇ." ರಾಯರು ಮೊರದ ಮೇಲೆ ಬಗ್ಗಿ, ಅಭ್ಯಾಸಬಲದಿಂದ ಮೂರು ಸಲ ಕೂಗಿದರು: "ಒಳಗೆ ಇನ್ನೂ ಯಾರಾದ್ರೂ ಇದ್ದೀರಾ?"

ಅಕ್ಕಿಯ ನಡುವಿನಿಂದ ಒಬ್ಬ ಮೆಲ್ಲಗೆ ತೆವಳಿಕೊಂಡು ಹೊರಗೆ ಬಂದ. ಅವನನ್ನೂ ಬಟ್ಟಲಿಗೆ ಹಾಕಿ, ರಾಯರು ಅಕ್ಕಿಯನ್ನು ಪಾತ್ರೆಗೆ ಸುರಿದು ತೊಳೆಯತೊಡಗಿದರು.