ಮಾವನ ಕೈಗೆ ಸಿಕ್ಕ ಗಂಟೆ

ನಮ್ಮ ಸೋದರಮಾವನಿಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೂ ದೇಶದ ರಾಜಧಾನಿಯ ಈ ಇಡೀ ಸರೋಜಿನಿ ನಗರದಲ್ಲಿ ಅವರಷ್ಟು ಸಲ ಪೂಜೆಯ ಗಂಟೆ ಬಾರಿಸುವವರು ಇನ್ನೊಬ್ಬರಿಲ್ಲ! ಅದೂ ಟೀವಿಯ ಮುಂದೆ. ಭಕ್ತಿಯೇ? ಛೆ, ಅಂಥ ಅಪವಾದ ಹೊರಿಸಬೇಡಿ.

ನಮ್ಮ ಚರ್ಚಾಸ್ಪರ್ಧೆಗಳಲ್ಲಿ ಮಾತು ಸಾಕೆನ್ನಲು ಗಂಟೆ ಬಾರಿಸುತ್ತಾರೆ ಎಂದು ನಾನೊಮ್ಮೆ ಊಟಕ್ಕೆ ಕೂತಾಗ ಹೇಳಿದ್ದೆ. ಮಾವ ತಟ್ಟೆ ಬಿಟ್ಟೆದ್ದರು. "ಇಷ್ಟು ಒಳ್ಳೇ ಪದ್ಧತಿ ಇಟ್ಕೊಂಡು ಬರೀ ಕಾಲೇಜು ಹುಡುಗರ ಮೇಲೆ ಪ್ರಯೋಗಿಸ್ತೀರಲ್ಲೇ!" ಅಂದೇ ದೇವರ ಗೂಡಿನ ಗಂಟೆಗೆ ಟೀವಿ ಸ್ಟ್ಯಾಂಡಿಗೆ ವರ್ಗವಾಯಿತು.

ಮಾವ ಸರ್ಕಾರಿ ಸ್ಟೆನೋ. ಮಂತ್ರಿಗಳು ಬದಲಾದರು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಭಾಷಣ ಮಾತ್ರ ಅದೇ. ತಾವು ಟೈಪು ಮಾಡಿದ ವಾಕ್ಯ ಯಾರ ಬಾಯಲ್ಲಿ ಬಂದರೂ ಗಂಟೆ ಬಾರಿಸುವುದು ಅವರ ನಿಯಮ. "'ದುಃಖದಲ್ಲಿ ಭಾಗಿಯಾಗಿದ್ದೇನೆ', ನಂದು! ಭೂಕಂಪಕ್ಕೆ ಹೊಲಿದಿದ್ದು, ರೈಲು ಅಪಘಾತಕ್ಕೂ ಸರಿಹೋಯ್ತು ನೋಡು!" ಟಣ್! "'ತಪ್ಪಿತಸ್ಥರು ಯಾರೇ ಆಗಿರಲಿ...'" ಟಣ್ ಟಣ್!

"ರೀ, ದೇವರ ಗಂಟೆ ಕಣ್ರೀ ಅದು!" ಅಡುಗೆಮನೆಯಿಂದ ಅತ್ತೆ.

"ದೇವರು ಯಾವತ್ತಾದರೂ ಭಾಷಣ ಮಾಡಿದ್ದಾನೇನೇ? ಅವನಿಗ್ಯಾಕೆ ಗಂಟೆ?"

ಕನ್ನಡ ಕೂಟದ ರಾಜ್ಯೋತ್ಸವಕ್ಕೂ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋದರು. ಕಾರ್ಯದರ್ಶಿಗಳು "ಎರಡೇ ಮಾತು" ಎಂದು ಶುರುಮಾಡಿ ನಾಡಿನ ಇತಿಹಾಸದ ನಡುವೆ ಎಲ್ಲೋ ಇದ್ದಾಗ ಟಣ್ ಎಂದಿತು. ಸಭಿಕರು ಮಂಗಳಾರತಿಯೆಂದು ಎದ್ದು ಕೈಮುಗಿದರು! ಹಿಂದಿನವರು ಪ್ರಸಾದಕ್ಕೆ ಸಾಲು ಕಟ್ಟಿದರು. ಕಾರ್ಯದರ್ಶಿಗಳೂ ಮೈಕು ಬಿಟ್ಟು ಬಂದು ಸಾಲಿನಲ್ಲಿ ನಿಂತರು.

ಮೊನ್ನೆ ಭಾನುವಾರ ನನ್ನ ಹಾಸ್ಟೆಲ್ ಗೆಳತಿಯನ್ನು ಮಾವನ ಮನೆಗೆ ಊಟಕ್ಕೆ ಕರೆದೊಯ್ದೆ. ಅಂತರ್ಯುದ್ಧ ಮುಗಿಸಿ ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ದೇಶ ಅವಳದು. ಯಾವುದೆಂದು ಹೇಳುವುದಿಲ್ಲ, ಅವಳು ವಾಪಸು ಹೋಗಬೇಕಲ್ಲ! ಯುದ್ಧದ ಕೊನೆಯಲ್ಲಿ ಅವಳ ಅಣ್ಣನನ್ನು ಸೈನಿಕರು ಬಸ್ಸಿನಿಂದ ಇಳಿಸಿಕೊಂಡು ಹೋದರು. ಮನೆಯವರಿಗೆ ಗೊತ್ತಿರುವುದು ಅಷ್ಟೇ. ಅವತ್ತು ಅವರ ರಾಷ್ಟ್ರಾಧ್ಯಕ್ಷರ ಶಾಂತಿದಿನದ ಭಾಷಣ. ಕಾಣೆಯಾದವರು ಏನಾದರೆಂದು ಹೇಳುತ್ತೇನೆ ಎಂದು ಆತ ಚುನಾವಣೆಯಲ್ಲಿ ಮಾತು ಕೊಟ್ಟಿದ್ದ. ಮಾವ ಅದನ್ನು ಟೀವಿಗೆ ಹಾಕಿ, ಗಂಟೆ ಹಿಡಿದು ಕೂತರು.

ಇಂಗ್ಲಿಷಿನಲ್ಲಿದ್ದ ಭಾಷಣ ಭರ್ಜರಿಯಾಗಿತ್ತು. ನಾನು ತೀರ್ಪುಗಾರಳಾಗಿದ್ದರೆ ಪ್ರಥಮ ಬಹುಮಾನ! ಏನು ಏರಿಳಿತ, ಸರಿಯಾದ ಜಾಗದಲ್ಲಿ ಏನು ಗಂಟಲು ಕಟ್ಟುವುದು! ಬಂದರು ಬಂತು, ಹೆದ್ದಾರಿ ಬಂತು, ಪ್ರವಾಸಿಗರು ಬಂದರು. ಕೊಂದವರನ್ನೂ ಸತ್ತವರನ್ನೂ ಒಂದೇ ಉಸಿರಿನಲ್ಲಿ ಕ್ಷಮಿಸಿಯೂ ಆಯಿತು. ಸತ್ತವರದೇನು ತಪ್ಪು ಸ್ವಾಮಿ? ಪ್ರಶ್ನೆಗೆ ಅವಕಾಶವಿರಲಿಲ್ಲ. ಕೊನೆಗೆ ಆತ, "ಹಳೆಯ ಗಾಯ ಕೆದಕುವುದು ಬೇಡ, ಮುಂದೆ ನೋಡೋಣ" ಎಂದ.

ಅಪ್ಪಟ ಮಾವನ ವಾಕ್ಯ! ಯಾವುದೋ ಗಲಭೆಯ ನಂತರ ಟೈಪು ಮಾಡಿದ್ದೆಂದು ನಮಗೆ ನೂರು ಸಲ ಹೇಳಿದ್ದಾರೆ. ಗಂಟೆ ಹಿಡಿದ ಕೈ ಮೇಲೆದ್ದಿತು. ನಾನು ಕಿವಿ ಮುಚ್ಚಿಕೊಂಡೆ. ಸದ್ದು ಬರಲಿಲ್ಲ.

ಟೀವಿಯಲ್ಲಿ ಬ್ಯಾಂಡು ಶುರುವಾಗಿತ್ತು. ಗೆಳತಿ ಇನ್ನೂ ಮುಂದಕ್ಕೆ ಬಗ್ಗಿಯೇ ಕೂತಿದ್ದಳು. "ಇನ್ನೂ ಇದೆ ಅಲ್ವಾ, ಅಂಕಲ್? ಇದು ಬ್ರೇಕ್ ಇರಬೇಕು."

ಮಾವ ಟೀವಿ ಆರಿಸಿದರು. ಮಂತ್ರಿಗಳಿಗೆಲ್ಲ ತಿದ್ದಿಕೊಟ್ಟ ಅವರ ಇಂಗ್ಲಿಷು ಎಲ್ಲಿ ಹೋಯಿತೋ! "ಬೇಟಾ, ಭಾಯಿ ಕಾ ನಾಮ್ ಕ್ಯಾ ಹೈ?" ಎಂದಷ್ಟೇ ಹಿಂದಿಯಲ್ಲಿ ಕೇಳಿದರು.

ಅವಳು ಅಣ್ಣನ ಹೆಸರು ಹೇಳಿದಳು. ಆಮೇಲೆ ಅವನ ಸೈಕಲ್ಲು, ಅವನು ಕದ್ದು ತಿನ್ನುತ್ತಿದ್ದ ಬೆಲ್ಲ, ಅವನು ಹೇಳುತ್ತಿದ್ದ ಸುಳ್ಳುಗಳು, ಆ ಬಸ್ಸು. ಅಲಂಕಾರವಿಲ್ಲ, ಆದಿ ಅಂತ್ಯವಿಲ್ಲ. ನಮ್ಮ ಸ್ಪರ್ಧೆಯಲ್ಲಾಗಿದ್ದರೆ ಮೊದಲ ಸುತ್ತಿನಲ್ಲೇ ಹೊರಗೆ. ಸಾರು ಆರಿಹೋಯಿತು. ಯಾರೂ ಏಳಲಿಲ್ಲ.

ಆ ರಾತ್ರಿ ಅಲ್ಲೇ ಉಳಿದೆವು. ಬೆಳಿಗ್ಗೆ ಅತ್ತೆ ಆರತಿಗೆಂದು ಗಂಟೆ ಎತ್ತಿದರೆ ಸದ್ದೇ ಇಲ್ಲ! ಅದರ ನಾಲಗೆಗೆ ಮಾವನ ಕರ್ಚೀಫು ಬಿಗಿಯಾಗಿ ಸುತ್ತಿತ್ತು. ಗೆಳತಿ ಮಾತಾಡುವಾಗ ಅಪ್ಪಿತಪ್ಪಿಯೂ ಟಣ್ ಎನ್ನದಿರಲೆಂದು ಯಾವಾಗಲೋ ಸುತ್ತಿದ್ದರು. ಅತ್ತೆ ಬೈಯಲು ಬಾಯಿ ತೆರೆದರು. ಒಳಕೋಣೆಯಲ್ಲಿ ಗೆಳತಿ ಇನ್ನೂ ಮಲಗಿದ್ದಳು.

ಗಂಟೆಯನ್ನು ಹಾಗೆಯೇ ಕೆಳಗಿಟ್ಟು, ಸದ್ದಿಲ್ಲದೆ ಆರತಿ ಎತ್ತಿದರು.