ತಲೆ ಎಣಿಸಿಕೊಂಡು ಓಡುವವನು

ಓಡುವವರೆಲ್ಲ ಮುಂದಕ್ಕೆ ನೋಡುತ್ತಾರೆಂಬ ನನ್ನ ನಂಬಿಕೆಯನ್ನು ಕೆಡಿಸಿದವನು ನನ್ನ ಭಾವಮೈದುನ. ಈ ಮಹಾಶಯ ಹಿಂದಕ್ಕೆ ನೋಡಿಕೊಂಡೇ ಓಡುತ್ತಾನೆ! ಬೇವಿನ ಮರಕ್ಕೆ ಡಿಕ್ಕಿ ಹೊಡೆದು, ಮರದ ಕ್ಷಮೆ ಕೇಳಿ, ಮತ್ತೆ ಹಿಂದಕ್ಕೇ ನೋಡುತ್ತಾನೆ. ಇದಾವ ವ್ಯಾಯಾಮವೋ, ಆ ಭಗವಂತನೇ ಬಲ್ಲ.

ಚಿನ್ನದ ಗಣಿಯ ಊರಾದ ಊರಿಗಾಂ ಆಚೆ, ಗಣಿಮಣ್ಣಿನ ಬಿಳಿ ದಿಬ್ಬಗಳು ಮುಗಿಯುವಲ್ಲಿ, ಹೊಂಗೆ ಬೇವುಗಳ ಕಾಡುತೋಪೊಂದಿದೆ. ಅದರೊಳಗೆ ಸುತ್ತಿ ಬಂದು ಮತ್ತೆ ಗೇಟಿಗೇ ಸೇರುವ ಕೆಮ್ಮಣ್ಣಿನ ಹಾದಿ. ವೈದ್ಯರು ನನ್ನ ಸಕ್ಕರೆ ಕಾಯಿಲೆಯ ಮೇಲೆ ಕೋಪಿಸಿಕೊಂಡಂದಿನಿಂದ ನನ್ನನ್ನು ಅಲ್ಲಿಗೆ ಎಳೆದೊಯ್ಯುವವನು ಇವನೇ. ಗಣಿಯಲ್ಲಿ ಮೇಸ್ತ್ರಿಯಾಗಿದ್ದವನು, ಎದೆಯಲ್ಲಿ ಇನ್ನೂ ಅಲ್ಲಿಯ ಧೂಳಿದೆ. ಅವನಿಗೂ ವೈದ್ಯರ ಕಟ್ಟಪ್ಪಣೆ: ದಿನಕ್ಕೆ ಒಂದೇ ಸುತ್ತು, ಅದೂ ಮೆಲ್ಲಗೆ. ಮೀರಿದರೆ ಪ್ರಾಣಕ್ಕೇ ಅಪಾಯ.

“ಪಂಚೆ ಉಟ್ಟು ಓಡುವುದು ಹೇಗಪ್ಪ?” ಎಂದೆ ಮೊದಲ ದಿನ.

“ಕಚ್ಚೆ ಆಕ್ಕೊಳ್ಳಿ ಭಾವ. ಆಗಿನೋರು ಅಂಗೇ ಯುದ್ಧಕ್ಕೋಗ್ತಿದ್ರು, ಜಾಗಿಂಗಿಗಾಗಲ್ವಾ?”

ಗೇಟಿನಲ್ಲಿ ಅವನು ಒಳಹೋಗುವ ಪ್ರತಿಯೊಬ್ಬರ ತಲೆಯನ್ನೂ ಎಣಿಸುತ್ತಾನೆ. ಎಲ್ಲರೂ ಬಲಗಡೆಯಿಂದಲೇ ಸುತ್ತಬೇಕೆಂದು ಹಟ. ನನಗೆ ರೋಮಾಂಚನವಾಯಿತು!

“ಪ್ರದಕ್ಷಿಣೆಯ ಮಹಿಮೆ ಕೊನೆಗೂ ತಿಳಿಯಿತಲ್ಲ ನಿನಗೆ!”

“ಅದೇನೋ ಗೊತ್ತಿಲ್ಲ ಭಾವ. ಎದುರುಬದುರಾಗಿ ಓಡಿದ್ರೆ ಲೆಕ್ಕ ತಪ್ಪೋಗುತ್ತೆ.”

ತನ್ನ ಸುತ್ತು ಮುಗಿದರೂ, ಕೊನೆಯವರು ಹೊರಬರುವ ತನಕ ಅವನು ಕದಲುವುದಿಲ್ಲ. ಆಂಡರ್ಸನ್‌ಪೇಟೆಯಿಂದ ಬರುವ ಹೆಂಗಸೊಬ್ಬಳು ಒಮ್ಮೆ ರೇಗಿದಳು: “ಏನಣ್ಣಾ ಇದು? ನಾನು ವಾಕಿಂಗ್ ಬಂದೋಳು, ಸುರಂಗಕ್ಕೆ ಇಳಿದೋಳಲ್ಲ!” ಅವನು ನಗಲಿಲ್ಲ. “ಈಚೆಗ್ ಬಂದ್ಯಲ್ಲಮ್ಮ, ಅಷ್ಟು ಸಾಕು,” ಎಂದ.

ಮತ್ತೊಂದು ದಿನ ಒಬ್ಬ ಕಡಿಮೆಯಾದ. ಬೇಲಿಯ ಕಿಂಡಿಯಲ್ಲಿ ನುಸುಳಿ ಹೋಟೆಲಿಗೆ ಹೋಗಿದ್ದನಂತೆ. ಇವನು ಅಲ್ಲಿಗೂ ಹೋಗಿ, “ಯೋಳಿ ಓಗಕ್ಕೇನ್ಲಾ ನಿಂಗೆ?” ಎಂದು ಗದರಿಸಿದ. ಆತ ಬಾಯಿತುಂಬ ದೋಸೆ ಇಟ್ಟುಕೊಂಡೇ, “ಇನ್ನೊಂದು ಎಂಚಿನ ಮೇಲದೆ ಕಣಣ್ಣ, ಅದ್ನೂ ಎಣಿಸ್ಕೊ!” ಎಂದನಂತೆ.

ನನ್ನ ಗೊಂದಲ ಹೆಚ್ಚಿತು. “ನಿನ್ನ ತಮ್ಮನಿಗೆ ಏನಾಗಿದೆ?” ಎಂದು ಹೆಂಡತಿಯನ್ನು ಕೇಳಿದೆ. “ಎಣಿಸ್ಕೊಳ್ಲಿ ಬಿಡಿ,” ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು. ಇದೂ ಒಂದು ಉತ್ತರವೇ?

ಕಳೆದ ಕಾರ್ತೀಕದ ಒಂದು ಸೋಮವಾರ ಓಟ ಬೇಸರವಾಗಿ, ಹಾದಿಯಿಂದ ಸರಿದು ಬಂಡೆಯೊಂದರ ಮರೆಯಲ್ಲಿ ಜಪಕ್ಕೆ ಕುಳಿತೆ. ಸಂಖ್ಯೆ ಪೂರೈಸುವವರೆಗೆ ನನ್ನದು ಮೌನ. ಉಪನಯನವಾದಂದಿನಿಂದ ಅದನ್ನು ಮುರಿದವನಲ್ಲ. ಸ್ವಲ್ಪ ಹೊತ್ತಿಗೆ, “ಭಾವಾ! ಓ ಭಾವಾ!” ಎಂಬ ಕೂಗು ಹಾದಿಗುಂಟ ಹಾದುಹೋಯಿತು. ಅವನದು ಇದ್ದದ್ದೇ ಎಂದು ಮಣಿಯನ್ನು ಮುಂದಕ್ಕೆ ಸರಿಸಿದೆ.

ಕೂಗು ಇಡೀ ಕಾಡನ್ನು ಸುತ್ತಿ ಮತ್ತೆ ಬಂತು. ಇದು ಅವನ ಎರಡನೆಯ ಸುತ್ತಲ್ಲವೇ? ಮಂತ್ರ ತೊದಲಿತು. ಮೂರನೆಯ ಬಾರಿ ಕೂಗಿರಲಿಲ್ಲ, ಕೆಮ್ಮು ಮಾತ್ರ, ಅದರ ನಡುವೆ “ಭಾ... ಭಾ...” ಎಂಬಷ್ಟು ಉಸಿರು. ವ್ರತಭಂಗಕ್ಕೆ ಪ್ರಾಯಶ್ಚಿತ್ತವೇನೆಂದು ಒಂದು ಕ್ಷಣ ಯೋಚಿಸಿದೆ. ಆ ಒಂದು ಕ್ಷಣಕ್ಕೆ ಇಂದಿಗೂ ನಾಚುತ್ತೇನೆ.

“ಇಲ್ಲಿದ್ದೇನಪ್ಪಾ! ಇಲ್ಲೇ ಇದ್ದೇನೆ!” ಎಂದು ಕಿರುಚಿದೆ.

ಬಂದವನು ಬೈಯಲಿಲ್ಲ. ಬಂಡೆ ಹಿಡಿದು ಕುಸಿದು ಕುಳಿತ. ನನ್ನ ಭುಜವನ್ನು ಮುಟ್ಟಿ ಮುಟ್ಟಿ ನೋಡಿದ. ಕೆಮ್ಮು ತಗ್ಗಿದ ಮೇಲೆ ಹೇಳಿದ:

“ಚಾಂಪಿಯನ್ ರೀಫ್ಸ್‌ ಗಣಿನಾಗೆ ಒಂದಿನ ನಾನು ಎಣಿಸ್ಲಿಲ್ಲ ಭಾವ. ಎಲ್ಲಾ ಬಂದವ್ರೆ ಅಂದ್ಕೊಂಡು ಲಿಫ್ಟ್ ಮೇಲಕ್ ಎತ್ಸಿಬಿಟ್ಟೆ. ಒಬ್ಬ ಕೆಳಗೇ ಉಳ್ಕೊಂಡಿದ್ದ. ಆಮೇಲೆ ಬಂಡೆ ಬಿತ್ತು.”

ಅವನ ತೋಳು ಹಿಡಿದು ಮೆಲ್ಲನೆ ಗೇಟಿನವರೆಗೆ ನಡೆಸಿಕೊಂಡು ಬಂದೆ. ಅಲ್ಲಿ ಅವನು ರೂಢಿಯಂತೆ ಪಕ್ಕಕ್ಕೆ ಸರಿದು, “ನಡೀರಿ ಭಾವ. ಮೇಸ್ತ್ರಿ ಕೊನೇಗೆ ಬರೋದು,” ಎಂದ.

“ಇವತ್ತು ನಾನು ಮೇಸ್ತ್ರಿ. ನಡಿ ಮುಂದೆ,” ಎಂದೆ.

ಅವನು ದಾಟಿದ. ನಾನು ಗೇಟಿನೊಳಗೆ ನಿಂತು ಗಟ್ಟಿಯಾಗಿ ಎಣಿಸಿದೆ: “ಒಂದು.”