ಹಳೇ ಕಾರಿಗೆ ಯಾವ ಹಸಿರು?

ಎಂಜಿನ್ನು ತಣ್ಣಗಿಡುವ ದ್ರವಗಳಿಗೆ ಬಣ್ಣ ನಿಗದಿ ಮಾಡುವ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ತಾವೂ ತಮ್ಮ ಕುಟುಂಬದವರೂ ತಮ್ಮ ಕಂಪನಿಯ ಸಕಲ ಡಬ್ಬಿಗಳೂ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ; ನಮ್ಮ ಕಾರು ಮಾತ್ರ ನಿನ್ನೆಯಷ್ಟೇ ಹಾಸಿಗೆ ಬಿಟ್ಟು ಎದ್ದಿದೆ. ತಮ್ಮಂಥ ದೊಡ್ಡವರ ಸಮಯವನ್ನು ಹಾಳು ಮಾಡುವ ಉದ್ದೇಶ ನನಗೆ ಕಿಂಚಿತ್ತೂ ಇಲ್ಲ. ತಾವು ನನ್ನ ಮದುವೆಯ ದಿನದ ಸಮಯವನ್ನು ಹಾಳು ಮಾಡಿದ್ದೀರಿ ಎಂಬುದೊಂದನ್ನು ಬಿಟ್ಟರೆ ನಮ್ಮಿಬ್ಬರ ನಡುವೆ ಬೇರೆ ಮನಸ್ತಾಪವೂ ಇಲ್ಲ.

ಮೊದಲು ನನ್ನ ಪರಿಚಯ. ನಾನು ಬಟ್ಟೆ ಹೊಲಿಯುವವಳು. ಅಕ್ಕ ಕತ್ತರಿಸುತ್ತಾಳೆ, ನಾನು ಹೊಲಿಯುತ್ತೇನೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಿರಿದಾದ ಮರದ ಮೆಟ್ಟಿಲು. ನನ್ನ ಕಸುಬಿನಲ್ಲಿ ಬಣ್ಣವೆಂದರೆ ಕೊಟ್ಟ ಮಾತು. ಗಿರಾಕಿಯೊಬ್ಬರು ಎಲೆಹಸಿರು ಕೇಳಿದರೆ ಗಿಳಿಹಸಿರಿನ ದಾರ ಹಾಕಿ ಕಣ್ಣು ತಪ್ಪಿಸಲು ನಮ್ಮಿಂದಾಗದು, ಏಕೆಂದರೆ ಮರುದಿನವೇ ಅವರು ಅಂಗಡಿಯ ಬಾಗಿಲಲ್ಲಿ ನಿಂತಿರುತ್ತಾರೆ. ತಮ್ಮ ಬಾಗಿಲು ಬಹಳ ದೂರವಿದೆ. ತಮಗೆ ಬಂದಿರುವ ಧೈರ್ಯದ ಮೂಲ ಅದೇ ಇರಬೇಕೆಂದು ನನ್ನ ವಿನಮ್ರ ಊಹೆ.

ಐವತ್ತು ದಾಟಿದ ಮೇಲೆ ನನಗೆ ಮದುವೆ ಗೊತ್ತಾಯಿತು. ವರ ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವರು. ಮಾತಿನ ನಡುವೆ ನಿಂತು, ಹಿಂದೆ ಹೇಳಿದ್ದನ್ನು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡು ಮುಂದುವರಿಯುವುದು ಅವರ ಅಭ್ಯಾಸ. ಹಾಗಾಗಿ ಅಕ್ಕ ಅವರಿಗೆ ಇಟ್ಟ ಹೆಸರು ಅಲ್ಪವಿರಾಮ. ಕೋಟಿನ ಅಳತೆ ಕೊಡಲು ಬಂದವರು ವರ್ಷಗಟ್ಟಲೆ ಏನೇನೋ ಹೊಲಿಸಿಕೊಂಡರು, ಗುಂಡಿ ಕಿತ್ತಿತೆಂದು ಬಂದರು, ಕಿತ್ತಿಲ್ಲದಾಗಲೂ ಬಂದರು, ಕೊನೆಗೊಂದು ಸಂಜೆ ಕೇಳಬೇಕಾದ್ದನ್ನು ಕೇಳಿಯೇಬಿಟ್ಟರು. ಅಕ್ಕನಿಗೆ ಇದು ಹಿಡಿಸಲಿಲ್ಲ. "ಈ ವಯಸ್ಸಲ್ಲಿ ಮದುವೆ ಯಾಕೆ, ಕಂಪನಿ ಬೇಕಂದ್ರೆ ರೇಡಿಯೋ ಇದೆಯಲ್ಲ" ಎಂದಳು. ಆ ಮೆಟ್ಟಿಲನ್ನು ಇನ್ನು ಮುಂದೆ ತಾನೊಬ್ಬಳೇ ಹತ್ತಿ ಇಳಿಯಬೇಕು ಎಂಬುದನ್ನು ಅವಳೂ ಹೇಳಲಿಲ್ಲ, ನಾನೂ ಆಡಲಿಲ್ಲ.

ಇನ್ನು ಕಾರಿನ ವಿಷಯ. ಅದು ನಮ್ಮ ಯಜಮಾನರ ತಾಯಿಯದು. ಅವರು ವೈದ್ಯೆಯಾಗಿದ್ದರಂತೆ, ಆ ದುಂಡು ಬೆನ್ನಿನ, ಕೆನೆಬಣ್ಣದ ಕಾರಿನಲ್ಲಿ ಮನೆಮನೆಗೆ ಹೋಗಿ ಹೆರಿಗೆ ಮಾಡಿಸುತ್ತಿದ್ದರಂತೆ. ಅದರ ರೇಡಿಯೇಟರ್ ತಾಮ್ರ ಹಿತ್ತಾಳೆಗಳದ್ದು, ಬೆಸುಗೆ ಸೀಸದ್ದು, ಸ್ವಭಾವ ಹಿರಿಯರದ್ದು. ಅದಕ್ಕೆ ಯಾವ ಕೂಲೆಂಟ್ ಹಾಕಬೇಕೆಂಬ ಪ್ರಶ್ನೆಯನ್ನು ಯಜಮಾನರು ಎಷ್ಟು ಗಂಭೀರವಾಗಿ ತೆಗೆದುಕೊಂಡರೆಂದರೆ, ನನ್ನನ್ನು ಆರಿಸುವಾಗ ಅದರ ಅರ್ಧದಷ್ಟೂ ವಿಚಾರಣೆ ನಡೆದಿರಲಿಲ್ಲವಲ್ಲ ಎಂದು ನನಗೆ ತುಸು ಬೇಸರವೂ ಆಯಿತು. ಬರೀ ನೀರು ಹಾಕಿದರೆ ಒಳಗೆ ತುಕ್ಕು. ಹೊಸ ಕಾರುಗಳದ್ದನ್ನು ಹಾಕಿದರೆ ಹಳೇ ಬೆಸುಗೆಗೆ ಆಗಿಬರುವುದಿಲ್ಲ. ಎರಡು ಜಾತಿಯನ್ನು ಬೆರೆಸಿದರಂತೂ ದೇವರೇ ಗತಿ. ಕಾರಿನ ಕೈಪಿಡಿ ತೆರೆದರೆ 'ನಮ್ಮ ಅಧಿಕೃತ ಮಾರಾಟಗಾರರನ್ನು ವಿಚಾರಿಸಿ' ಎಂದಿತ್ತು. ಅಧಿಕೃತ ಮಾರಾಟಗಾರರ ಮಳಿಗೆಯಲ್ಲಿ ಈಗ ಬಣ್ಣದ ಮೀನು ಮಾರುತ್ತಾರೆ.

ಆಗ ಯಜಮಾನರು ತಮ್ಮ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದರು. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಬಂದ ಹೆಣ್ಣುಮಗಳು ಅತ್ಯಂತ ಮರ್ಯಾದೆಯಿಂದ ಮಾತಾಡಿದರು. "ಸರ್, ನಮ್ಮ ಕಂಪ್ಯೂಟರಲ್ಲಿ ಅಷ್ಟು ಹಳೇ ವರ್ಷ ಬರ್ತಾ ಇಲ್ಲ. ಸ್ವಲ್ಪ ಹೊಸ ವರ್ಷ ಯಾವುದಾದ್ರೂ ಹೇಳ್ತೀರಾ?" ಎಂದು ಕೇಳಿದರು. ಸುಳ್ಳು ಹೇಳಲು ಗ್ರಾಹಕರಿಗೆ ಇಷ್ಟು ಸೌಜನ್ಯದಿಂದ ಅವಕಾಶ ಮಾಡಿಕೊಡುವ ಕಂಪನಿ ಲೋಕದಲ್ಲಿ ಇನ್ನೊಂದಿರಲಾರದು. ನಮ್ಮವರಿಗೆ ಆ ಅವಕಾಶ ಬಳಸಿಕೊಳ್ಳಲು ಬರಲಿಲ್ಲ.

ಕೊನೆಗೆ ಮೆಕ್ಯಾನಿಕ್ ಮಹಾಶಯರು ಕೈ ಒರೆಸಿಕೊಳ್ಳುತ್ತಾ, "ಹಳೇ ಗಾಡಿಗೆ ಹಸಿರು, ಹೊಸ ಗಾಡಿಗೆ ಗುಲಾಬಿ. ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನಿದೆ?" ಎಂದು ತೀರ್ಪಿತ್ತರು. ಕಾರಿನೊಳಗೆ ಮೊದಲೇ ಹಸಿರಿತ್ತು, ಮಟ್ಟ ಸ್ವಲ್ಪ ಇಳಿದಿತ್ತು. ತಮ್ಮ ಹಸಿರು ಡಬ್ಬಿ ಮನೆಗೆ ಬಂತು. ಎರಡನ್ನೂ ಗಾಜಿನ ಲೋಟಗಳಿಗೆ ಸುರಿದು, ಅಂಗಡಿಯ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಒಂದೇ ಥಾನಿನಿಂದ ಕತ್ತರಿಸಿದ ಎರಡು ತುಂಡು ಬಟ್ಟೆಯಷ್ಟು ಒಂದೇ ಎಂದು ಅಭಿಪ್ರಾಯ ಕೊಟ್ಟವಳು ನಾನು. ಹಳೇ ಹಸಿರಿನ ವಂಶವನ್ನೇ ಕೈಬಿಟ್ಟು, ಹೊಸ ಕಾರುಗಳ ದ್ರವಕ್ಕೆ ಅದೇ ಹಸಿರು ಅಂಗಿ ತೊಡಿಸಿ ತಾವು ಪೇಟೆಗೆ ಬಿಟ್ಟಿದ್ದೀರೆಂದು ನನಗೆ ಹೇಗೆ ಗೊತ್ತಾಗಬೇಕು? ತಾವು ಅದನ್ನು ಮುಚ್ಚಿಟ್ಟಿಲ್ಲ, ನಿಜ. ಲೇಬಲ್ಲಿನ ಎರಡು ಅಂಚು ಒಂದರ ಮೇಲೊಂದು ಅಂಟಿಕೊಳ್ಳುವ ಮಡಿಕೆಯ ಒಳಗಡೆ, ಸಾಸಿವೆಗಿಂತ ಸಣ್ಣ ಅಕ್ಷರಗಳಲ್ಲಿ, 'ಹೊಸ ಸೂತ್ರ. ಹಳೆಯದರೊಂದಿಗೆ ಬೆರೆಸಬೇಡಿ' ಎಂದು ಪ್ರಾಮಾಣಿಕವಾಗಿ ಮುದ್ರಿಸಿದ್ದೀರಿ. ಕರಡು ತಿದ್ದುವವರ ಕಣ್ಣಿಗೂ ಬೀಳದಂತೆ ಸತ್ಯವನ್ನು ಹೇಳುವುದು ಸಣ್ಣ ವಿದ್ಯೆಯಲ್ಲ.

ಮದುವೆಯ ದಿನ ಬಂತು. ನೋಂದಣಿ ಕಚೇರಿಗೆ ನಾವು ಕೊಟ್ಟಿದ್ದ ನೋಟಿಸಿನ ಅವಧಿ ಅಂದಿಗೇ ಮುಗಿಯುತ್ತಿತ್ತು. ಮಧ್ಯಾಹ್ನ ಬಾಗಿಲು ಹಾಕುವುದರೊಳಗೆ ಹೋಗದಿದ್ದರೆ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕಿತ್ತು. ಅರ್ಜಿ ಹಾಕುವುದು ನನಗೆ ಕಷ್ಟವಲ್ಲ. ಯಜಮಾನರು ಮತ್ತೆ ಮೊದಲಿನಿಂದ ಯೋಚಿಸಲು ಕೂರುತ್ತಾರಲ್ಲ, ಅದರ ಭಯ. ಅಕ್ಕ ಹಿಂದಿನ ಸೀಟಿನಲ್ಲಿ ಕೂತಿದ್ದಳು. "ನೋಡೋಕೆ ಬರ್ತೀನಿ, ಸಾಕ್ಷಿ ಹಾಕಲ್ಲ" ಎಂದು ಮೊದಲೇ ಷರತ್ತು ಹಾಕಿದ್ದಳು. ಅವರ ಕಡೆಯಿಂದ ಸಹೋದ್ಯೋಗಿಯೊಬ್ಬರು ಸಾಕ್ಷಿಗೆ ಕಾಯುತ್ತಿದ್ದರು. ನನ್ನ ಕಡೆಯಿಂದ ಕಚೇರಿಯ ಕಾವಲುಗಾರರನ್ನೇ ಕೇಳಿಕೊಳ್ಳುವುದೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ರೈಲು ಹಳಿಯ ಮೇಲಿನ ಸೇತುವೆಯ ಏರು ಅರ್ಧ ಹತ್ತುವಷ್ಟರಲ್ಲಿ ಶಾಖದ ಮುಳ್ಳು ಕೆಂಪಿಗೆ ಹೋಗಿ ಕೂತಿತು. ಮುಂದೆಲ್ಲ ಹಬೆ. ಕಾರನ್ನು ಪಕ್ಕಕ್ಕೆ ತಂದು ಬಾನೆಟ್ ಎತ್ತಿದರೆ, ತಮ್ಮ ಹಸಿರೂ ಹಳೇ ಹಸಿರೂ ಕೂಡಿ ಗಂಜಿಯಂತೆ ಗಟ್ಟಿಯಾಗಿ, ಕೊಳವೆಯ ತುದಿಯಿಂದ ಲೊಳಲೊಳನೆ ಇಳಿಯುತ್ತಿತ್ತು. ನಮ್ಮ ಮದುವೆಗೆ ಮುಂಚೆಯೇ ಅವೆರಡೂ ಅಷ್ಟು ಅನ್ಯೋನ್ಯವಾಗಿದ್ದವು. ಯಜಮಾನರ ಹೊಸ ಕೋಟಿನ ಎದೆಯ ಮೇಲೆಲ್ಲ ಹಸಿರು ಚುಕ್ಕೆ. ಅವರು ಕಾರನ್ನು ನೋಡಿದರು, ರಸ್ತೆಯನ್ನು ನೋಡಿದರು. ಅಮ್ಮನ ಕಾರೇ ಮುನಿಸಿಕೊಂಡಿತೆಂಬ ಮುಖ. ಆಮೇಲೆ ಮೆಲ್ಲಗೆ, "ಬಹುಶಃ... ಮುಂದಿನ ತಿಂಗಳು ನೋಡೋಣ್ವಾ?" ಎಂದರು.

ಹಿಂದಿನ ಬಾಗಿಲು ತೆರೆದ ಸದ್ದಾಯಿತು, ಅಕ್ಕ ಇಳಿದು ಬಂದಳು. ಅವಳು ಬಯಸಿದ್ದೇ ಆಗುತ್ತಿತ್ತು. 'ಸರಿ, ಮನೆಗೆ ಹೋಗೋಣ' ಎಂದರೆ ಮುಗಿಯುತ್ತಿತ್ತು. ಅವಳು ಅವರ ಕೋಟಿನ ಕಾಲರನ್ನು ಸರಿ ಮಾಡಿ, ಚುಕ್ಕೆಗಳನ್ನು ತನ್ನ ಕರವಸ್ತ್ರದಿಂದ ಒರೆಸುತ್ತಾ ಹೇಳಿದಳು: "ಈ ಕೋಟು ಕತ್ತರಿಸಿದ್ದು ನಾನು. ಇವತ್ತಿಗೆ ಅಂತ ಕತ್ತರಿಸಿದ್ದು. ಮುಂದಿನ ತಿಂಗಳಿಗೆ ಅಂತ ಅಲ್ಲ."

ಹಾಗೆಂದವಳೇ ರಸ್ತೆಯ ನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತುಬಿಟ್ಟಳು. ನಿಂತದ್ದು ಮಂಜುಗಡ್ಡೆ ಸಾಗಿಸುವ ಲಾರಿ. ಚಾಲಕರು ಏನೋ ಹೇಳಲು ತಲೆ ಹೊರಹಾಕುವ ಮೊದಲೇ ಅಕ್ಕ ಅವರ ಪಕ್ಕದ ಸೀಟು ಹತ್ತಿ ಕೂತು, "ಮದುವೆ ಇದೆ, ಹೊರಡಿ" ಎಂದಳು. ನಾವಿಬ್ಬರೂ ಹಿಂದೆ, ಗೋಣಿ ಹೊದಿಸಿದ ಮಂಜುಗಡ್ಡೆಗಳ ಮೇಲೆ, ಒಬ್ಬರ ಕೈ ಒಬ್ಬರು ಹಿಡಿದು ಕೂತೆವು. ಪ್ರೀತಿಗಿಂತ ಮುಖ್ಯವಾಗಿ, ಜಾರುತ್ತಿತ್ತು. ಇಡೀ ದಿನದಲ್ಲಿ ಯಾರಾದರೂ ನಮ್ಮನ್ನು ತಣ್ಣಗಿಟ್ಟಿದ್ದರೆ ಆ ಲಾರಿಯವರು. ಅವರ ಸರಕಿಗೆ ಬಣ್ಣವೇ ಇರಲಿಲ್ಲ ಎಂಬುದನ್ನು ತಮ್ಮ ವಿಭಾಗದ ಅವಗಾಹನೆಗೆ ತರಬಯಸುತ್ತೇನೆ.

ಕಚೇರಿಯವರು ಬೀಗ ಕೈಯಲ್ಲಿ ಹಿಡಿದಿದ್ದರು. ಅಧಿಕಾರಿಣಿ ನಮ್ಮ ಒದ್ದೆ ಬಟ್ಟೆಗಳನ್ನು ನೋಡಿ ಏನೂ ಕೇಳದೆ ದಾಖಲೆ ಬಿಡಿಸಿದರು. ವಧುವಿನ ಕಡೆಯ ಸಾಕ್ಷಿ ಯಾರೆಂದು ಕೇಳಿದಾಗ ನಾನು ಕಾವಲುಗಾರರ ಕಡೆ ತಿರುಗಿದೆ. ಅಷ್ಟರಲ್ಲಿ ಅಕ್ಕ ಪೆನ್ನು ಎತ್ತಿಕೊಂಡಿದ್ದಳು. ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ, ಯಜಮಾನರಿಗೆ ಹೇಳಿದಳು: "ಇವಳು ಬೆಳಿಗ್ಗೆ ಬೇಗ ಏಳಲ್ಲ. ಆಮೇಲೆ ಹೇಳಿರಲಿಲ್ಲ ಅನ್ನಬೇಡಿ." ಅವರು ಎಲ್ಲೂ ತಡವರಿಸದೆ, "ನಾನು ಏಳ್ತೀನಿ" ಎಂದರು. ಅಕ್ಕ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ಕ್ಯಾಲೆಂಡರ್ ನೋಡಿದಳು.

ಆಮೇಲೆ ರೇಡಿಯೇಟರ್ ಬಿಚ್ಚಿ, ತೊಳೆದು, ಬೆಸುಗೆ ಬಿಟ್ಟಲ್ಲಿ ಮತ್ತೆ ಬೆಸೆದು, ಹೊಸ ಕಾರುಗಳ ದ್ರವದಲ್ಲಿರುವ ಸಾವಯವ ಆಮ್ಲ ಸೇರದ, ಹಳೇ ಲೋಹಗಳಿಗೆಂದೇ ಮಾಡುವ ದ್ರವವನ್ನು ಶುದ್ಧೀಕರಿಸಿದ ನೀರಿನೊಂದಿಗೆ ಸಮಸಮ ಬೆರೆಸಿ ತುಂಬಿಸಿದ್ದೇವೆ. ಅದು ನೀಲಿ ಬಣ್ಣದ್ದು. ಮೆಕ್ಯಾನಿಕ್ ಮಹಾಶಯರು ಈಗ, "ನಾನು ಆಗಲೇ ನೀಲಿ ಅಂದಿದ್ದೆನಲ್ಲ" ಎನ್ನುತ್ತಾರೆ.

ಈಗ ನನ್ನ ಕೋರಿಕೆಗಳು. ತಮ್ಮ ದ್ರವಗಳ ಬಣ್ಣಕ್ಕೂ ಗುಣಕ್ಕೂ ಸಂಬಂಧ ಕಲ್ಪಿಸುವುದು ವಿಜ್ಞಾನಕ್ಕೆ ಮೀರಿದ ಕೆಲಸವಾದರೆ, ಅವನ್ನೆಲ್ಲ ಚೌಕಳಿ ವಿನ್ಯಾಸದಲ್ಲಿ ತಯಾರಿಸಬೇಕು. ನೋಡಿದವರು ಕನಿಷ್ಠ ಅನುಮಾನವನ್ನಾದರೂ ಪಡುತ್ತಾರೆ. ಎಚ್ಚರಿಕೆಯ ಸಾಲನ್ನು ಮಡಿಕೆಯೊಳಗೇ ಇಡುವುದು ಕಂಪನಿಯ ಸಂಪ್ರದಾಯವಾಗಿದ್ದರೆ, ಪ್ರತಿ ಡಬ್ಬಿಯೊಂದಿಗೆ ಹೊಲಿಗೆ ಬಿಚ್ಚುವ ಸಣ್ಣ ಕತ್ತರಿಯೊಂದನ್ನು ಕೊಡಬೇಕು. ಸಹಾಯವಾಣಿಯ ಕಂಪ್ಯೂಟರಿಗೆ ಕೆಲವು ಹಳೇ ವರ್ಷಗಳನ್ನು ಕಲಿಸಬೇಕು. ಅವು ನಿಜವಾಗಿ ನಡೆದಿದ್ದವು, ನಾನು ಅಲ್ಲಿದ್ದೆ.

ಇಷ್ಟಾದ ಮೇಲೆ ತಮಗೊಂದು ಧನ್ಯವಾದ ಹೇಳದಿದ್ದರೆ ಅನ್ಯಾಯವಾದೀತು. ತಮ್ಮ ಹಸಿರು ಸರಿಯಾದ ಹಸಿರಾಗಿದ್ದರೆ ನಾವು ಸಕಾಲಕ್ಕೆ ತಲುಪುತ್ತಿದ್ದೆವು, ಕಾವಲುಗಾರರು ನನಗೆ ಸಾಕ್ಷಿ ಹಾಕುತ್ತಿದ್ದರು, ಅಕ್ಕ ಹಿಂದಿನ ಸೀಟಿನಿಂದ ಇಳಿಯುತ್ತಲೇ ಇರಲಿಲ್ಲ.

ಬಣ್ಣಗಳ ಮೇಲಿನ ವಿಶ್ವಾಸ ಹೋದರೂ ಮನುಷ್ಯರ ಮೇಲಿನದ್ದನ್ನು ಉಳಿಸಿಕೊಂಡಿರುವ,

ತಮ್ಮ ವಿಶ್ವಾಸಿ,
ಹೊಲಿಗೆಯಂಗಡಿಯ ಕಿರಿಯಳು

ಮರೆತ ಮಾತು: ಯಜಮಾನರು ಈಗ ಬ್ರೇಕ್ ಆಯಿಲ್ ಆರಿಸಲು ಕೂತಿದ್ದಾರೆ. ಅದನ್ನೂ ತಮ್ಮ ಕಂಪನಿಯೇ ತಯಾರಿಸುತ್ತಿದ್ದರೆ ದಯಮಾಡಿ ಮೊದಲೇ ತಿಳಿಸಬೇಕು. ಮೂವರಿಗೂ ಬಸ್ ಪಾಸ್ ಮಾಡಿಸಿಬಿಡುತ್ತೇನೆ.